ನೂರಹತ್ತರೊಳಗೆ

ಮಾರ್ಚ್ 4, ಸೋಮವಾರ

118.4. ಇಂದಿಗೆ ಹದಿನೇಳು ದಿನ ಇದೇ ಅಂಕಿ.

ತೂಕದ ಯಂತ್ರವೇ ಕೆಟ್ಟಿರಬಹುದೆಂದು ಬೆಳಿಗ್ಗೆ ಅದನ್ನು ಬಚ್ಚಲಿನಿಂದ ಹಜಾರಕ್ಕೆ ತಂದೆ, ಹಜಾರದಿಂದ ಅಡುಗೆಮನೆಗೆ ಒಯ್ದೆ. ಎಲ್ಲ ಕಡೆಯೂ ಅದೇ. ಕೊನೆಗೆ ಇಪ್ಪತ್ತು ಲೀಟರಿನ ಕ್ಯಾನಿಗೆ ನೀರು ತುಂಬಿ ಅದರ ಮೇಲಿಟ್ಟೆ. ಕ್ಯಾನಿನ ತೂಕ ಕಳೆದರೆ ಸರಿಯಾಗಿ ಇಪ್ಪತ್ತು ಕಿಲೋ. ಯಂತ್ರದ್ದೇನೂ ತಪ್ಪಿಲ್ಲ. ಇವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ನೀರಿಗೂ ಆಪರೇಷನ್ ಮಾಡಿಸ್ತೀರೇನ್ರೀ?" ಎಂದು ಕೇಳಿ, ಮಕ್ಕಳ ಗಣಿತದ ಪುಸ್ತಕಗಳನ್ನು ಚೀಲಕ್ಕೆ ತುರುಕಿಕೊಂಡು ಶಾಲೆಗೆ ಹೊರಟಳು.

ಈ ಪುಸ್ತಕ ಆಸ್ಪತ್ರೆಯ ಡಯಟ್ ಮೇಡಂ ಕೊಟ್ಟದ್ದು. ತಿಂದದ್ದು, ಕುಡಿದದ್ದು, ತೂಕ ಇಷ್ಟೇ ಬರೆಯಿರಿ ಎಂದಿದ್ದರು. ಆದರೆ ನಾನು ತಿನ್ನುವುದು ಒಂದು ಸಾಲಿಗೇ ಮುಗಿದುಹೋಗುತ್ತದೆ: ಎರಡು ಮೊಟ್ಟೆ, ಎರಡು ಲೋಟ ಸೂಪು, ಪ್ರೋಟೀನ್ ಪುಡಿ ಕಲಸಿದ ಹಾಲು. ಉಳಿದ ಪುಟವನ್ನು ಖಾಲಿ ಬಿಡಲು ಕೈ ಬರುವುದಿಲ್ಲ.

ಆಪರೇಷನ್ ಆಗಿ ಐದು ತಿಂಗಳಾಯಿತು. ಆಗ 146 ಇದ್ದೆ. ಹೊಟ್ಟೆಯ ಚೀಲವನ್ನು ಕತ್ತರಿಸಿ ಒಂದು ಬಾಳೆಹಣ್ಣಿನಷ್ಟು ಉಳಿಸಿದ್ದಾರೆ. ಮೊದಲ ಮೂರು ತಿಂಗಳು ತೂಕ ಸರಸರನೆ ಇಳಿಯಿತು. ನಾಲ್ಕನೆಯ ತಿಂಗಳು ಕುಂಟಿತು. ಈಗ ಜಪ್ಪಯ್ಯ ಎಂದರೂ ಕದಲುತ್ತಿಲ್ಲ.

ನಿಲ್ಲುವುದಕ್ಕೆ ಇದು ಹೊತ್ತಲ್ಲ. ಕಂಪನಿಯ ಪತ್ರವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ಕ್ರೇನಿನ ಏಣಿಗೆ ಹೊಸದಾಗಿ ಹಾಕಿರುವ ಸೇಫ್ಟಿ ಹಗ್ಗ ಬೀಳುವವನನ್ನು ತಡೆಯುವುದು ನೂರಹತ್ತು ಕಿಲೋದವರೆಗೆ ಮಾತ್ರವಂತೆ. ಏಪ್ರಿಲ್ 22ರ ತಪಾಸಣೆಯಲ್ಲಿ ನಾನು ಅದರೊಳಗೆ ಇರಬೇಕು. ಇಲ್ಲದಿದ್ದರೆ ಗೇಟಿನ ಪಕ್ಕದ ಸ್ಟೋರ್. ಹತ್ತೊಂಬತ್ತು ವರ್ಷ ಐವತ್ತು ಮೀಟರ್ ಮೇಲೆ ಕೂತು ಕಟ್ಟಡ ಎತ್ತಿದವನು ಇನ್ನು ಮೇಲೆ ಟಿನ್ ಶೀಟಿನ ಕೆಳಗೆ ಕೂತು ಸುತ್ತಿಗೆ ಎಣಿಸಬೇಕಂತೆ. ಎಣಿಸುವುದಿಲ್ಲ.

ಮಾರ್ಚ್ 9, ಶನಿವಾರ

118.4.

ಇಂದು ಹನ್ನೊಂದು ಎತ್ತು, ಅಂದರೆ ಹನ್ನೊಂದು ಸಲ ಹೊರೆ ಎತ್ತಿದ್ದು. ಅದರಲ್ಲಿ ನಾಲ್ಕು ಕುರುಡು. ಹೊರೆ ಕಟ್ಟಡದ ಹಿಂದೆ ಇಳಿಯುವಾಗ ಕ್ಯಾಬಿನಿನಿಂದ ಏನೂ ಕಾಣುವುದಿಲ್ಲ. ಕೆಳಗೆ ನಿಂತವನು ವಾಕಿಟಾಕಿಯಲ್ಲಿ ಹೇಳಿದಂತೆ ಕೈ ಆಡಿಸಬೇಕು. ಅದಕ್ಕೆ ಕುರುಡು ಎತ್ತು ಎನ್ನುತ್ತೇವೆ. ನನಗೆ ಕೆಳಗೆ ನಿಲ್ಲುವವನು ಶಿಳ್ಳೆ. ವಾಕಿ ಬರುವ ಮೊದಲು ಅವನು ಬಾಯಲ್ಲೇ ಶಿಳ್ಳೆ ಹಾಕಿ ಸನ್ನೆ ಕೊಡುತ್ತಿದ್ದ, ಆ ಹೆಸರೇ ಉಳಿಯಿತು. ಇವಳ ತಮ್ಮ. ಆರು ವರ್ಷದವನಿದ್ದಾಗ ತಾಯಿ ತೀರಿಕೊಂಡರು, ಇವಳೇ ಕಂಕುಳಲ್ಲಿ ಹೊತ್ತು ಬೆಳೆಸಿದಳು. ಮದುವೆಯಾದಾಗ ನನಗೆ ಹೆಂಡತಿಯ ಜೊತೆ ಹತ್ತು ವರ್ಷದ ಭಾವಮೈದುನನೂ ಸಿಕ್ಕಿದ. ಈಗ ಮೂವತ್ತೆರಡು ಅವನಿಗೆ. ಕೆಲಸ ನಾನೇ ಕಲಿಸಿದೆ. "ಕಣ್ಣು ನಿನ್ನದು, ಕೈ ನನ್ನದು" ಎಂದು ಮೊದಲ ದಿನವೇ ಹೇಳಿದ್ದೆ. ಹನ್ನೆರಡು ವರ್ಷದಲ್ಲಿ ಒಂದು ಇಟ್ಟಿಗೆಯೂ ತಪ್ಪು ಜಾಗಕ್ಕೆ ಇಳಿದಿಲ್ಲ.

ಇಳಿದು ಬಂದಾಗ ನನ್ನ ಪ್ಯಾಂಟ್ ಹಿಡಿದು ಎಳೆದು ನೋಡಿದ. "ಭಾವ, ಇದ್ರಲ್ಲಿ ನಾನೂ ಬರ್ತೀನಿ. ಇಬ್ರೂ ಒಟ್ಟಿಗೆ ತಪಾಸಣೆಗೆ ಹೋಗೋಣ." ನಗಲು ಹೋದೆ, ಆಗಲಿಲ್ಲ. ಪ್ಯಾಂಟು ಸಡಿಲವಾದರೇನು, ಕಂಪನಿಯವರು ಪ್ಯಾಂಟನ್ನು ತೂಗುತ್ತಾರೆಯೇ?

ಮಾರ್ಚ್ 13, ಬುಧವಾರ

118.6!

ಇಪ್ಪತ್ತು ಗ್ರಾಂ ಕೂಡ ಹೆಚ್ಚಾಗುವಂಥದ್ದೇನೂ ತಿಂದಿಲ್ಲ, ಇನ್ನೂರು ಗ್ರಾಂ ಎಲ್ಲಿಂದ ಬಂತು? ಗಾಳಿ ಕುಡಿದರೂ ಮೈಗೆ ಹತ್ತುತ್ತದೆಯೇ?

ಮಧ್ಯಾಹ್ನ ರಜೆ ಹಾಕಿ ಡಯಟ್ ಮೇಡಂ ಬಳಿ ಹೋದೆ. ಅವರಿಗೆ ನನ್ನ ಮಗಳಾಗುವ ವಯಸ್ಸು, ಆದರೆ ಗದರಿಸುವುದು ಹೆಡ್‌ಮಿಸ್ ಥರ. "ಎಲ್ಲರಿಗೂ ಹೀಗೆ ಒಂದೊಂದ್ಸಲ ನಿಲ್ಲುತ್ತೆ. ದೇಹ ಹೊಂದಿಕೊಳ್ತಿರುತ್ತೆ. ತಿನ್ನೋದನ್ನ ಇನ್ನೂ ಕಡಿಮೆ ಮಾಡ್ಬೇಡಿ, ನಡೀರಿ, ನಿದ್ದೆ ಮಾಡಿ. ವಿಟಮಿನ್ ಗುಳಿಗೆ ಒಂದು ದಿನಾನೂ ತಪ್ಪಿಸ್ಬೇಡಿ. ವಾಂತಿ ಶುರುವಾದ್ರೆ ಅವತ್ತೇ ಫೋನ್ ಮಾಡಿ."

"ಏಪ್ರಿಲ್ ಇಪ್ಪತ್ತೆರಡರೊಳಗೆ ಇಳಿಯುತ್ತಾ?" ಎಂದೆ.

"ನಿಮ್ಮ ಕಂಪನಿ ಪತ್ರ ನಿಮ್ಮ ದೇಹ ಓದಲ್ಲ ಸಾರ್" ಎಂದರು.

ಹೊರಗೆ ಬೆಂಚಿನ ಮೇಲೆ ಒಬ್ಬ ಬೇಕರಿಯವನು ಕೂತಿದ್ದ. ನನ್ನ ಜೊತೆಗೇ ಆಪರೇಷನ್ ಆದವನು. ಐವತ್ತೊಂದು ಕಿಲೋ ಇಳಿದಿದ್ದಾನಂತೆ. ದಿನವಿಡೀ ಬೆಣ್ಣೆ ಸಕ್ಕರೆ ನಡುವೆ ನಿಲ್ಲುವವನು! ಹಲ್ಲು ಕಿರಿದು ನನ್ನ ಭುಜ ತಟ್ಟಿದ. ಅವನ ಮೇಲೆ ಬಂದ ಸಿಟ್ಟು ಮನೆಗೆ ಬರುವ ತನಕ ಇಳಿಯಲಿಲ್ಲ.

ಮಾರ್ಚ್ 19, ಮಂಗಳವಾರ

118.4. ಅಂದರೆ ಹದಿನೈದು ದಿನದ ತಪಸ್ಸಿಗೆ ಸಿಕ್ಕ ಫಲ ಸೊನ್ನೆ.

ಇಂದು ಮೇಲೆ ಕೂತು ಯೋಚಿಸಿದೆ. ಎತ್ತುವ ಲೆಕ್ಕದಲ್ಲಿ ಹೊಸಬರು ಮಾಡುವ ತಪ್ಪೆಂದರೆ ಕಂಬಿಯ ತೂಕ ಮಾತ್ರ ನೋಡುವುದು. ಕೊಕ್ಕೆಗೂ ತೂಕವಿದೆ, ತಂತಿಹಗ್ಗಕ್ಕೂ ಇದೆ, ಕಟ್ಟಿದ ಮರದ ತುಂಡಿಗೂ ಇದೆ. ಕೊಕ್ಕೆಗೆ ತಗುಲಿದ್ದೆಲ್ಲ ಭಾರವೇ. ನಾನೂ ಹೊಸಬನ ತಪ್ಪನ್ನೇ ಮಾಡುತ್ತಿದ್ದೇನೆ. ಮೊಟ್ಟೆ ಬಿಟ್ಟರೆ ನೂರು ಗ್ರಾಂ ಕಡಿಮೆ. ಪ್ರೋಟೀನ್ ಹಾಲು ಬಿಟ್ಟರೆ ಕಾಲು ಕಿಲೋ. ಆ ಹೆಬ್ಬೆರಳಿನಷ್ಟು ಗಾತ್ರದ ಗುಳಿಗೆಗಳು, ದಿನಕ್ಕೆ ಮೂರು. ನುಂಗಿದ ಮೇಲೆ ಗಂಟೆಗಟ್ಟಲೆ ಹೊಟ್ಟೆ ತೊಳಸುತ್ತದೆ, ಅದು ಬೇರೆ.

ನಾಳೆಯಿಂದ ಸೂಪಿನ ತಿಳಿ ಮಾತ್ರ. ಮೂವತ್ತನಾಲ್ಕು ದಿನ ತಾನೇ. ತಪಾಸಣೆ ಮುಗಿದ ಮೇಲೆ ಗುಳಿಗೆಯನ್ನು ಡಬ್ಬಿ ಸಮೇತ ಬೇಕಾದರೂ ನುಂಗುತ್ತೇನೆ.

ಮಾರ್ಚ್ 23, ಶನಿವಾರ

117.1!!

ಬಚ್ಚಲಿನಲ್ಲೇ ಒಂದು ಹೆಜ್ಜೆ ಕುಣಿದೆ. ಯಂತ್ರದ ಮೇಲಿಂದ ಮೂರು ಸಲ ಇಳಿದು ಹತ್ತಿದೆ. ಮೂರು ಸಲವೂ 117.1. ಇವಳನ್ನು ಕರೆದು ತೋರಿಸಿದೆ. ಬೆಳಗಿನಿಂದ ಎರಡು ಸಲ ವಾಂತಿಯಾಗಿದ್ದನ್ನು ಮಾತ್ರ ಹೇಳಲಿಲ್ಲ. ಬರೀ ನೀರು. ಸ್ವಲ್ಪ ಹುಳಿ. ಏನೂ ಇಲ್ಲ.

ಮಾರ್ಚ್ 30, ಶನಿವಾರ

115.0. ಸರಿಯಾಗಿ ಇಳಿಯುತ್ತಿದೆ, ನಾನು ಹೇಳಿದಂತೆ ಕೇಳುತ್ತಿದೆ.

ಡಯಟ್ ಮೇಡಂ ಫೋನ್ ಮಾಡಿದ್ದರು. ವಾಂತಿ ಇದೆಯಾ ಎಂದರು. ಇಲ್ಲ ಎಂದೆ. ಗುಳಿಗೆ? ಹೂಂ ಎಂದೆ. ಇದೆ ಎಂದರೆ ಅವರು ಡಾಕ್ಟರಿಗೆ ಹೇಳುತ್ತಾರೆ, ಡಾಕ್ಟರು ಕಂಪನಿಗೆ ಬರೆಯುತ್ತಾರೆ, ಅಲ್ಲಿಗೆ ನನ್ನ ಕಥೆ ಮುಗಿಯಿತು. ಸುಳ್ಳು ಹೇಳಿದ್ದಕ್ಕೆ ಬೇಸರವೇನೂ ಆಗಲಿಲ್ಲ. ಆಗಬೇಕಿತ್ತೇನೋ.

ನಾಲ್ಕು ದಿನದಿಂದ ಹೊಟ್ಟೆಯಲ್ಲಿ ನೀರೂ ನಿಲ್ಲುತ್ತಿಲ್ಲ. ಕ್ಯಾಬಿನಿನಲ್ಲಿ ಒಂದು ಪ್ಲಾಸ್ಟಿಕ್ ಡಬ್ಬ ಇಟ್ಟುಕೊಂಡಿದ್ದೇನೆ.

ಏಪ್ರಿಲ್ 4, ಗುರುವಾರ

113.2.

ಪಾದದಲ್ಲಿ ಜುಮುಜುಮು. ಮೊದಲು ಬೆರಳಲ್ಲಿತ್ತು, ಈಗ ಹಿಮ್ಮಡಿಗೂ ಬಂದಿದೆ. ಹೊಸ ಬೂಟು ಬಿಗಿಯಾಗಿರಬೇಕು. ಏಣಿ ಹತ್ತುವಾಗ ಮೆಟ್ಟಿಲು ಸಿಕ್ಕಿತೋ ಇಲ್ಲವೋ ಪಾದಕ್ಕೆ ತಿಳಿಯುವುದಿಲ್ಲ, ಬಗ್ಗಿ ನೋಡಿಯೇ ಇಡಬೇಕು. ಇನ್ನೂರೆಂಟು ಮೆಟ್ಟಿಲು. ಮೊದಲು ಹನ್ನೆರಡು ನಿಮಿಷ ಹಿಡಿಯುತ್ತಿತ್ತು, ಇಂದು ಮೂವತ್ತು. ತೂಕ ಇಳಿದರೆ ಬೇಗ ಹತ್ತಬೇಕಲ್ಲವೇ ಎಂದು ಶಿಳ್ಳೆ ಕೇಳಿದ. ಅವನಿಗೇನು ಗೊತ್ತು.

ಇವಳು ಅಲಮಾರಿನಲ್ಲಿ ಗುಳಿಗೆಯ ಡಬ್ಬಿ ಕಂಡಳು. ಗಣಿತದವಳು, ಎಣಿಸಿಯೇ ಬಿಟ್ಟಳು. "ನಲವತ್ತೈದು ಹೆಚ್ಚಿಗೆ ಇದೆ. ಹದಿನೈದು ದಿನದ್ದು. ಏನ್ರೀ ಇದು?" ಗುಳಿಗೆಯ ಕಂಪನಿ ಬೇರೆ, ಇದು ಹೊಸ ಡಬ್ಬಿ ಎಂದೆ. ನಂಬಲಿಲ್ಲ. ಕೈ ಹಿಡಿದುಕೊಂಡು, "ಸ್ಟೋರ್ ಆದ್ರೆ ಆಗ್ಲಿ ಬಿಡಿ, ನೀವೇನು ಕೆಳಗಿದ್ರೆ ಚಿಕ್ಕವರಾಗ್ತೀರಾ?" ಎಂದಳು. ಕೈ ಬಿಡಿಸಿಕೊಂಡೆ. ಆಗ್ತೀನಿ ಕಣೇ ಎಂದು ಹೇಳಬೇಕೆನಿಸಿತು. ಮೇಲಿನ ಕುರ್ಚಿ ಬಿಟ್ಟರೆ ನಾನು ಬರೀ ದಪ್ಪಗಿರುವ ಒಬ್ಬ ಮನುಷ್ಯ.

ಏಪ್ರಿಲ್ 11, ಗುರುವಾರ

111.6.

ಕೊಕ್ಕೆ ಎರಡು ಕಾಣುತ್ತಿದೆ. ಪಕ್ಕಪಕ್ಕದಲ್ಲಿ, ಒಂದು ಚೂರು ಮೇಲೆ ಕೆಳಗೆ. ಒಂದು ಕಣ್ಣು ಮುಚ್ಚಿದರೆ ಒಂದೇ. ಆದರೆ ಒಂದು ಕಣ್ಣಲ್ಲಿ ದೂರ ತಿಳಿಯುವುದಿಲ್ಲ. ಇಡೀ ಬೆಳಿಗ್ಗೆ ಪರೀಕ್ಷೆ ಮಾಡಿ ನೋಡಿದೆ: ಎರಡರಲ್ಲಿ ಎಡಗಡೆಯದೇ ನಿಜ. ಗೊತ್ತಾದ ಮೇಲೆ ಕಷ್ಟವೇನಿಲ್ಲ.

ಅಷ್ಟಕ್ಕೂ ಕಣ್ಣು ಯಾರಿಗೆ ಬೇಕು? ಕುರುಡು ಎತ್ತಿಗೆ ಕಣ್ಣೇ ಬೇಡ. ನಾಳೆಯಿಂದ ಎಲ್ಲ ಎತ್ತನ್ನೂ ಕುರುಡು ಎಂದೇ ತಿಳಿದುಕೊಂಡರಾಯಿತು. ಶಿಳ್ಳೆ ಹೇಳುತ್ತಾನೆ, ನಾನು ಮಾಡುತ್ತೇನೆ.

ನಿನ್ನೆ ಡಯಟ್ ಮೇಡಂ ಬಳಿಗೆ ಹೋಗಿದ್ದೆ. ತುಂಬಾ ಚೆನ್ನಾಗಿ ಇಳಿದಿದ್ದೀರಿ, ಹೀಗೇ ಮುಂದುವರಿಸಿ ಎಂದರು. ಇವಳಿಗೆ ಹೇಳಿದರೆ, "ನಿನ್ನೆ ನೀವು ಎಲ್ಲೂ ಹೋಗಿಲ್ಲ ಕಣ್ರೀ, ಸಂಜೆಯೆಲ್ಲ ಇಲ್ಲೇ ಮಲಗಿದ್ರಿ" ಎನ್ನುತ್ತಾಳೆ. ಪರೀಕ್ಷೆ ಪತ್ರಿಕೆ ತಿದ್ದಿ ತಿದ್ದಿ ಇವಳಿಗೆ ಮರೆವು ಹೆಚ್ಚಾಗಿದೆ.

ಏಪ್ರಿಲ್ 12, ಶುಕ್ರವಾರ

ಶಿಳ್ಳೆ ಟೀ ಅಂಗಡಿಯ ಹಿಂದೆ ಕರೆದುಕೊಂಡು ಹೋದ. ಅವನು ತಮಾಷೆ ಮಾಡದೆ ಮಾತಾಡಿದ್ದು ಕಂಡೇ ಇರಲಿಲ್ಲ.

"ಭಾವ, ಬೆಳಿಗ್ಗೆ 'ನಿಲ್ಲಿ' ಅಂದೆ. ನೀವು ನಿಲ್ಲಲಿಲ್ಲ. ಇನ್ನೊಂದ್ಸಲ ಅಂದ ಮೇಲೆ ನಿಂತ್ರಿ."

"ವಾಕಿ ಕರಕರ ಅಂತಿತ್ತು."

"ವಾಕಿ ಸರಿಯಾಗೇ ಇದೆ. ನೀವು ಏಣಿ ಇಳಿಯೋದನ್ನೂ ನೋಡ್ದೆ. ಕುಡಿದವ್ರ ಥರ ಕಾಲು ಹಾಕ್ತಿದ್ದೀರಿ. ಮ್ಯಾನೇಜರ್‌ಗೆ ಹೇಳ್ಲಾ?"

ಇಪ್ಪತ್ತೆರಡರ ತನಕ ಎಂದೆ. ಹತ್ತೇ ದಿನ. ಆಮೇಲೆ ರಜೆ ಹಾಕಿ ಆಸ್ಪತ್ರೆಗೆ ಹೋಗುತ್ತೇನೆ, ನಿನ್ನ ಅಕ್ಕನ ಆಣೆ ಎಂದೆ. ನಾನು ಯಾವತ್ತೂ ಅವನ ಬಳಿ ಏನನ್ನೂ ಬೇಡಿದವನಲ್ಲ.

"ಆಯ್ತು. ಅಲ್ಲೀವರೆಗೆ ನಾನು ಪ್ರತಿಯೊಂದನ್ನೂ ಎರಡೆರಡು ಸಲ ಹೇಳ್ತೀನಿ. ಲೋಡಿನ ಹತ್ರ ಬೇರೆ ಯಾರನ್ನೂ ಬಿಡಲ್ಲ, ನಾನೊಬ್ನೇ ನಿಲ್ತೀನಿ. ನೀವು ನಾನು ಹೇಳಿದ್ದನ್ನ ವಾಪಸ್ ಹೇಳಿ ಆಮೇಲೆ ಕೈ ಆಡಿಸಿ" ಎಂದ.

ಬಂಗಾರದಂಥ ಹುಡುಗ. ಅವನ ಟೀಯನ್ನೂ ನನ್ನ ನೀರನ್ನೂ ಅವನೇ ಮುಗಿಸಿದ.

ಏಪ್ರಿಲ್ 16, ಮಂಗಳವಾರ

110.5.

ಶಿಳ್ಳೆಯ ಬಗ್ಗೆ ಇದರಲ್ಲಿ ಬರೆದೇ ಇಲ್ಲವಲ್ಲ ಎಂದು ಈಗ ಹೊಳೆಯಿತು. ಇವಳ ತಮ್ಮ. ನಾಲ್ಕು ವರ್ಷದವನಿದ್ದಾಗ ತಾಯಿ ತೀರಿಕೊಂಡರು. ಇಪ್ಪತ್ತೈದು ವಯಸ್ಸು ಈಗ. ಕೆಲಸಕ್ಕೆ ಹೊಸಬ, ಕಲಿಯುತ್ತಾನೆ. ಕಣ್ಣು ನಿನ್ನದು, ಕೈ ನನ್ನದು ಎಂದು ಇವತ್ತು ಹೇಳಿಕೊಟ್ಟೆ. "ಗೊತ್ತು ಭಾವ" ಎಂದ. ಯಾಕೋ ಮುಖ ಆ ಕಡೆ ತಿರುಗಿಸಿಕೊಂಡ.

ಏಪ್ರಿಲ್ 18, ಗುರುವಾರ

109.8

109.8

ನೂರಹತ್ತರೊಳಗೆ ಬಂದೆ. ಇವಳಿಗೆ ತೋರಿಸಿದೆ. ಇವಳು ಅಂಕಿ ನೋಡಲಿಲ್ಲ, ನಾನು ಗೋಡೆ ಹಿಡಿದುಕೊಂಡು ನಿಂತಿದ್ದನ್ನು ನೋಡಿದಳು. "ಆಸ್ಪತ್ರೆಗೆ ಹೋಗೋಣ ನಡೀರಿ, ಈಗ್ಲೇ" ಎಂದು ಚಪ್ಪಲಿ ಹಾಕಿಕೊಂಡಳು. ಸೋಮವಾರ ತಪಾಸಣೆಯಲ್ಲಿ ಡಾಕ್ಟರೇ ನೋಡುತ್ತಾರಲ್ಲ, ಎರಡೆರಡು ಖರ್ಚು ಯಾಕೆ ಎಂದೆ. ಅತ್ತಳು. ಗೆದ್ದ ದಿನ ಯಾರಾದರೂ ಅಳುತ್ತಾರೆಯೇ?

ಏಪ್ರಿಲ್ 22, ಸೋಮವಾರ

ಪಾಸ್!

ಕಂಪನಿಯ ಡಾಕ್ಟರ್ ತೂಗಿದರು: 109.1. ಬಿಪಿ ನೋಡಿದರು. ಕಣ್ಣಿನ ಪರೀಕ್ಷೆಗೆ ಎದೆ ಡವಡವ ಎನ್ನುತ್ತಿತ್ತು. ಆದರೆ ಅವರು ಮಾಡಿದ್ದೇನು? ಎಡಗಣ್ಣು ಮುಚ್ಚಿ ಓದಿ. ಬಲಗಣ್ಣು ಮುಚ್ಚಿ ಓದಿ. ಕೊನೆಯ ಸಾಲಿನ ತನಕ ಪಟಪಟನೆ ಓದಿದೆ. ಎರಡೂ ಕಣ್ಣು ತೆರೆದು ಓದಿ ಎಂದು ಯಾರೂ ಕೇಳಲೇ ಇಲ್ಲ! ಆರು ತಿಂಗಳಲ್ಲಿ ಇಷ್ಟು ಇಳಿಸಿದ ಆಪರೇಟರ್ ಇವರೇ ಮೊದಲು ಎಂದು ಮ್ಯಾನೇಜರ್ ಕೈ ಕುಲುಕಿದರು. ಬಾಗಿಲ ಹೊರಗೆ ಬಂದು ಗಿಡದ ಬುಡದಲ್ಲಿ ವಾಂತಿ ಮಾಡಿಕೊಂಡೆ.

ಶಿಳ್ಳೆ, "ನಾಳೆಯಿಂದ ರಜೆ ತಾನೆ ಭಾವ?" ಎಂದ. ಹೂಂ, ಗುರುವಾರದಿಂದ ಎಂದೆ. ಬುಧವಾರ ಒಂಬತ್ತನೇ ಮಹಡಿಯ ಕಾಂಕ್ರೀಟ್ ಗೋಡೆ ಹಲಗೆಗಳಿವೆ. ಅವನ್ನು ನಾನೇ ಕೂರಿಸಬೇಕು, ಬೇರೆಯವರಿಗೆ ಬಿಡಲಾರೆ.

ಏಪ್ರಿಲ್ 24, ಬುಧವಾರ

108.7

ಮೇಲೆ ಕ್ಯಾಬಿನಿನಲ್ಲೇ ಕೂತು ಬರೆಯುತ್ತಿದ್ದೇನೆ. ಪುಸ್ತಕ ಜೇಬಿನಲ್ಲಿತ್ತು.

ಅವನು ಇಳಿಸಿ ಎಂದ. ಇಳಿಸಿದೆ. ಅಷ್ಟೇ. ನನಗೆ ಸ್ಪಷ್ಟವಾಗಿ ಕೇಳಿಸಿತು, ಇಳಿಸಿ ಎಂದೇ ಹೇಳಿದ. ವಾಪಸ್ ಹೇಳಿದೆನೋ ಇಲ್ಲವೋ. ಹೇಳಿರುತ್ತೇನೆ.

ಕೆಳಗೆ ಎಲ್ಲರೂ ಕೆಲಸ ಬಿಟ್ಟು ಓಡುತ್ತಿದ್ದಾರೆ. ಊಟದ ಗಂಟೆ ಇನ್ನೂ ಆಗಿಲ್ಲವಲ್ಲ. ವಾಕಿಯಲ್ಲಿ ಒಬ್ಬ ಗುಂಡಿ ಒತ್ತಿ ಹಿಡಿದುಕೊಂಡು ಕೂಗುತ್ತಲೇ ಇದ್ದಾನೆ, ಬೇರೆ ಯಾರಿಗೂ ಮಾತಾಡಲು ಬಿಡುತ್ತಿಲ್ಲ. ಇಂಥವರಿಗೆ ವಾಕಿ ಕೊಡಬಾರದು. ಬಿಳಿ ಗಾಡಿ ಒಂದು ಬಂತು. ಎರಡು. ಎಡಗಡೆಯದು ನಿಜ.

ಯಾರೋ ಏಣಿ ಹತ್ತಿ ಬರುತ್ತಿದ್ದಾರೆ.

ಮೇ 8, ಬುಧವಾರ

ಆಸ್ಪತ್ರೆ. ಇವಳು ಪುಸ್ತಕ ತಂದುಕೊಟ್ಟಳು. ದಿನಾ ಬರೆಯಿಸಿ, ನೆನಪಿಗೆ ಒಳ್ಳೆಯದು ಎಂದು ಡಾಕ್ಟರ್ ಹೇಳಿದರಂತೆ. ದಿನಾಂಕ ಗೋಡೆಯ ಮೇಲೆ ಬರೆದಿರುತ್ತಾರೆ, ಅದನ್ನು ನೋಡಿ ಹಾಕಿದ್ದೇನೆ.

ಕೈಗೆ ಸೂಜಿ. ಬಾಟಲಿಯಲ್ಲಿ ಹಳದಿ ನೀರು. ಕೊಕ್ಕೆ ಒಂದೇ ಕಾಣುತ್ತದೆ. ಕೊಕ್ಕೆಯಲ್ಲ, ಬಾಟಲಿ ತೂಗುಹಾಕುವ ಕಂಬಿ.

ಡಾಕ್ಟರ್ ಇವಳಿಗೆ ಹೇಳಿದ್ದನ್ನು ಕೇಳಿಸಿಕೊಂಡು ಬರೆದಿದ್ದೇನೆ: "ಒಂದು ವಿಟಮಿನ್ ಪೂರ್ತಿ ಖಾಲಿಯಾಗಿ ಮಿದುಳಿಗೆ ಪೆಟ್ಟು ಬಿದ್ದಿದೆ. ಕಣ್ಣು ಸರಿಹೋಗುತ್ತೆ, ನಡಿಗೇನೂ ಸುಮಾರು ಸುಧಾರಿಸುತ್ತೆ. ನೆನಪು ಎಷ್ಟು ವಾಪಸ್ ಬರುತ್ತೋ ಹೇಳಕ್ಕಾಗಲ್ಲ." ಯಾರ ಬಗ್ಗೆಯೋ ಪಾಪ.

ಇವಳು ಮೊದಲು ಕೆಳಗಿನ ವಾರ್ಡಿಗೆ ಹೋಗಿ ಆಮೇಲೆ ಇಲ್ಲಿಗೆ ಬರುತ್ತಾಳೆ. ಕೆಳಗೆ ಯಾರಿದ್ದಾರೆಂದು ಕೇಳಿದೆ. ನನ್ನ ಕೈ ಎಳೆದುಕೊಂಡು ಉಗುರು ಕತ್ತರಿಸಿದಳು. ಸ್ವಲ್ಪ ಒರಟಾಗಿಯೇ ಕತ್ತರಿಸಿದಳು.

ಮೇ 9, ಗುರುವಾರ

ಶಿಳ್ಳೆ ಬಂದಿದ್ದ! ಗಾಲಿಕುರ್ಚಿಯಲ್ಲಿ. ಎಡಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ, ಬಿಳಿ ಬಟ್ಟೆ ಸುತ್ತಿದ್ದಾರೆ. ಕಾಲಿಗೆ ಏನಾಯ್ತೋ ಎಂದು ಕೂಗಿದೆ. "ಲಾರಿ ಹತ್ತಿಬಿಡ್ತು ಭಾವ, ರಸ್ತೆ ದಾಟುವಾಗ" ಎಂದ. ಅತ್ತುಬಿಟ್ಟೆ. ಅವನೇ ನನ್ನನ್ನು ಸಮಾಧಾನ ಮಾಡಿದ. ಎರಡೂ ಕಡೆ ನೋಡಿ ದಾಟಬೇಕೋ ಎಂದು ಬೈದೆ.

ಮೇ 10, ಶುಕ್ರವಾರ

ಶಿಳ್ಳೆ ಬಂದಿದ್ದ. ಎಡಗಾಲು ಇಲ್ಲ ಅವನಿಗೆ! ಏನಾಯ್ತೋ ಎಂದೆ. ಬೈಕಿನಿಂದ ಬಿದ್ದನಂತೆ. ಅಕ್ಕ ಬೇಡ ಬೇಡವೆಂದರೂ ಬೈಕ್ ಕೊಂಡಿದ್ದಕ್ಕೆ ಇದು. ಇಡೀ ದಿನ ಸಂಕಟವಾಯಿತು.

104.2 ಎಂದು ನರ್ಸ್ ಹೇಳಿದರು. ಒಳ್ಳೆಯ ಅಂಕಿ.

ಮೇ 13, ಸೋಮವಾರ

ಶಿಳ್ಳೆ ಊರುಗೋಲಿನಲ್ಲಿ ಬಂದ. ಬಾಗಿಲಿನಿಂದ ಮಂಚದ ತನಕ ಬರುವಷ್ಟರಲ್ಲಿ ಬೆವತುಹೋಗಿದ್ದ. ಕಾಲೆಲ್ಲೋ ಎಂದೆ. "ಮೊಸಳೆ ತಿಂತು ಭಾವ. ಕೆರೇಲಿ ಈಜ್ತಾ ಇದ್ದೆ, ಬಂದು ಕಚ್ಕೊಂಡು ಹೋಯ್ತು" ಎಂದ. ನಗು ಬಂತು. ನಗಬಾರದಿತ್ತು. ಅವನೂ ನಕ್ಕ. ಬಾಗಿಲಲ್ಲಿ ನಿಂತಿದ್ದ ಇವಳು ಮಾತ್ರ ನಗಲಿಲ್ಲ. "ಎಷ್ಟು ದಿನ ಅಂತ ಹೀಗೆ ಹೇಳ್ತೀಯೋ?" ಎಂದು ಅವನನ್ನು ಕೇಳಿದಳು. "ಅವರು ಕೇಳೋ ತನಕ ಅಕ್ಕ" ಎಂದ.

ಅವರು ಹೋದ ಮೇಲೆ ಮಾಡಲು ಏನೂ ಇರಲಿಲ್ಲ, ಈ ಪುಸ್ತಕವನ್ನು ಮೊದಲಿನಿಂದ ಓದಿದೆ. ಅಕ್ಷರ ನನ್ನದೇ. ಬರೆದದ್ದು ಅರ್ಧದಷ್ಟು ನೆನಪಿಲ್ಲ. ಲಾರಿ. ಬೈಕು. ಮೊಸಳೆ. ಒಂದೇ ಕಾಲು ಮೂರು ಸಲ ಹೋಗುವುದಿಲ್ಲ. ಮತ್ತೆ ಹಿಂದೆ ತಿರುಗಿಸಿದೆ. ಅವನು ಇಳಿಸಿ ಎಂದ. ಇಳಿಸಿದೆ. ಅಷ್ಟೇ. ಅದಕ್ಕೂ ಹಿಂದಿನ ಒಂದು ಪುಟದಲ್ಲಿ, ಲೋಡಿನ ಹತ್ತಿರ ನಾನೊಬ್ಬನೇ ನಿಲ್ಲುತ್ತೇನೆ ಎಂದು ಅವನು ಹೇಳಿದ್ದು.

ನರ್ಸಿಗೆ ಹೇಳಿ ಇವಳನ್ನು ವಾಪಸ್ ಕರೆಸಿದೆ. ಪುಟ ತೋರಿಸಿ, ಅವನು ಏನೆಂದಿದ್ದ ಎಂದು ಕೇಳಿದೆ.

ಇವಳು ಮಂಚದ ತುದಿಯಲ್ಲಿ ಕೂತಳು. "ನಿಲ್ಲಿ ಅಂದಿದ್ದ. ಮೂರು ಸಲ. ಅಲ್ಲಿದ್ದವರೆಲ್ಲ ಕೇಳಿದ್ದಾರೆ. ನಾಲ್ಕನೇ ಸಲ ಅಮ್ಮಾ ಅಂದ" ಎಂದಳು. ಆಮೇಲೆ, "ಇದನ್ನ ನಿಮಗೆ ಹೇಳ್ತಿರೋದು ಇದು ಐದನೇ ಸಲ. ಪ್ರತಿ ಸಲ ನೀವು ಹೀಗೇ ಅಳ್ತೀರಿ, ಬೆಳಗಾದ್ರೆ ಏನೂ ಗೊತ್ತಿರಲ್ಲ. ನನ್ನಿಂದ ಇನ್ನು ಆಗಲ್ಲ ಕಣ್ರೀ" ಎಂದಳು.

ಹಾಗಾದರೆ ಬರೆದಿಡುತ್ತೇನೆ. ನಾಳೆ ಓದುವವನು ನಾನೇ ತಾನೇ. ಕೇಳಿಸಿಕೋ: ಅವನು ನಿಲ್ಲಿ ಎಂದ. ನೀನು ಇಳಿಸಿದೆ. ಅವನ ಕಾಲು ತೆಗೆದವನು ನೀನು. ಅವನು ದಿನಾ ಬರುತ್ತಾನೆ, ನೀನು ದಿನಾ ಕೇಳುತ್ತೀಯ, ಅವನು ದಿನಾ ಒಂದು ಸುಳ್ಳು ಹುಡುಕಿಕೊಂಡು ಮೇಲೆ ಹತ್ತಿ ಬರುತ್ತಾನೆ. ನಾಳೆ ಕೇಳಬೇಡ.

ಮೇ 14, ಮಂಗಳವಾರ

ಬೆಳಿಗ್ಗೆ ದಿಂಬಿನ ಮೇಲೆ ಪುಸ್ತಕ ತೆರೆದಿತ್ತು. ಓದಿದೆ. ಮೊದಲ ಸಲ ಓದಿದಂತೆಯೇ ಇತ್ತು. ತಿಂಡಿ ತಂದಿಟ್ಟಿದ್ದು ಆರಿಹೋಯಿತು. ನರ್ಸ್ ತೂಗಲು ಬಂದರು, ಇವತ್ತು ಬೇಡ ಎಂದೆ.

ಹನ್ನೊಂದಕ್ಕೆ ಶಿಳ್ಳೆ ಬಂದ. ಊರುಗೋಲಿನ ಸದ್ದು ಮೊದಲು ಕೇಳಿಸಿತು. ಅವನು ಬಾಗಿಲಿಗೆ ಬರುವಷ್ಟರಲ್ಲಿ ಮಂಚ ಹಿಡಿದುಕೊಂಡು ಎದ್ದು ಕುರ್ಚಿ ಎಳೆದಿಟ್ಟೆ. ಕೂತ. ಬೆವರು ಒರೆಸಿಕೊಂಡ. ಊರುಗೋಲನ್ನು ಮಂಚಕ್ಕೆ ಒರಗಿಸಿ ನನ್ನ ಪ್ರಶ್ನೆಗೆ ಕಾದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ, ಕೆಳಗೆ ನೋಡಲಿಲ್ಲ.

ಕೊನೆಗೆ ಅವನೇ, "ಇವತ್ತು ಕೇಳಲ್ವಾ ಭಾವ?" ಎಂದ.

ಇಲ್ಲ ಎಂದೆ.

ಅವನು ತಲೆ ತಗ್ಗಿಸಿ ಅಳತೊಡಗಿದ. ಇಷ್ಟು ದಿನದಲ್ಲಿ ಅವನು ಅತ್ತಿದ್ದು ಇದೇ ಮೊದಲಂತೆ, ಆಮೇಲೆ ಇವಳು ಹೇಳಿದಳು.